ಮುಚ್ಚಳದ ಒಳಪದರ

ಬೆಳಿಗ್ಗೆ ಎಂಟು ಇಪ್ಪತ್ತು. ಝೀನತ್ ಮೂರನೆಯ ಕೋಣೆಯ ಬೀಗ ತೆಗೆದು ದೀಪ ಹಾಕಿದಾಗ ಪೆಟ್ಟಿಗೆಯ ಮುಚ್ಚಳದಿಂದ ಇನ್ನೆರಡು ಮುಳ್ಳು ಉದುರಿ ಬಿದ್ದಿದ್ದವು.

ಒಂದು ಕೆಂಪು, ಒಂದು ಬಿಳಿ. ಕೆಳಗೆ ಹಾಸಿದ್ದ ಬಟ್ಟೆಯೂ ಬಿಳಿಯದೇ ಆದ್ದರಿಂದ ಎರಡನೆಯದು ಕಣ್ಣಿಗೆ ಬೀಳಲು ಸ್ವಲ್ಪ ಹೊತ್ತು ಹಿಡಿಯಿತು. ಬಾಗಿ ನೋಡುವಾಗ, ಕಾಲೇಜಿನ ಎದುರಿನ, ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಆಗತಾನೇ ತಿಂದ ರೋಟಿ ಚನಾಯ್‌ನ ಎಣ್ಣೆ ಗಂಟಲಿಗೆ ಬಂತು. ಪೆಟ್ಟಿಗೆ ದುಂಡನೆಯದು, ಹತ್ತೊಂಬತ್ತು ಸೆಂಟಿಮೀಟರ್ ಅಗಲ, ಹನ್ನೊಂದು ಎತ್ತರ. ಕೆನಡಾದ ಪೂರ್ವ ಕರಾವಳಿಯ ಮಿಕ್ಮಾಕ್ ಜನರ ಯಾರೋ ಒಬ್ಬ ಹೆಂಗಸು ನೂರಮೂವತ್ತು ವರ್ಷದ ಹಿಂದೆ ಬರ್ಚ್ ಮರದ ತೊಗಟೆಯಲ್ಲಿ ಮಾಡಿದ್ದು. ಮುಚ್ಚಳದ ಮೇಲೆ ಎಂಟು ಮೂಲೆಯ ನಕ್ಷತ್ರ, ಪೂರಾ ಮುಳ್ಳುಹಂದಿಯ ಬಣ್ಣ ಹಾಕಿದ ಮುಳ್ಳಿನದು. ಅದರಲ್ಲಿ ದಾರವಿಲ್ಲ, ಅಂಟಿಲ್ಲ. ಹಸಿ ತೊಗಟೆಗೆ ತೂತು ಕೊರೆದು, ಮೆತ್ತಗಾಗಿಸಿದ ಮುಳ್ಳಿನ ಎರಡೂ ತುದಿಯನ್ನು ಒಳಕ್ಕೆ ತೂರಿಸಿ ಮಡಚಿದರೆ, ತೊಗಟೆ ಒಣಗುತ್ತಾ ತೂತು ಬಿಗಿದು ಮುಳ್ಳನ್ನು ಹಿಡಿದುಕೊಳ್ಳುತ್ತದೆ. ಆ ತುದಿಗಳು ಕಾಣದಂತೆ ಒಳಗಡೆ ಇನ್ನೊಂದು ತೆಳು ತೊಗಟೆಯ ಪದರ. ಇಷ್ಟನ್ನೂ ಗಾಜಿನ ಕಪಾಟಿನ ಚೀಟಿಯಲ್ಲಿ ಝೀನತ್‌ಳೇ ಬರೆದಿದ್ದಳು. ಮಲಯಾದಲ್ಲಿ ರಬ್ಬರ್ ತೋಟ ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಮ್ಯಾನೇಜರನೊಬ್ಬನ ಮೊಮ್ಮಗಳು ಅದನ್ನು ಆರು ವರ್ಷದ ಹಿಂದೆ ಸುಬಾಂಗ್ ಜಯಾದ ಈ ಖಾಸಗಿ ಕಾಲೇಜಿನ ಗ್ಯಾಲರಿಗೆ ಕೊಟ್ಟಳು ಎಂಬುದನ್ನೂ ಬರೆದಿದ್ದಳು. ಬರೆಯದೇ ಇದ್ದದ್ದು: ಕಳೆದ ಮೂರು ವಾರದಲ್ಲಿ ಹನ್ನೊಂದು ಮುಳ್ಳು ಕಳಚಿದ್ದವು, ಅವನ್ನು ಅವಳು ಬ್ರಷ್ಷಿನಿಂದ ಅಂಟು ಸವರಿ ಕೂರಿಸಿದ್ದಳು. ಇವೆರಡು ಸೇರಿದರೆ ಹದಿಮೂರು. ಹತ್ತೂವರೆಗೆ ಡೆಲ್ಫಿನ್ ಎಂಬಾಕೆ ಪೆಟ್ಟಿಗೆ ನೋಡಲು ಬರುವವಳಿದ್ದಳು. ಕ್ವಾಲಾಲಂಪುರದ ಕರಕುಶಲ ಸಮ್ಮೇಳನಕ್ಕೆ ಬಂದಿದ್ದ ಮಿಕ್ಮಾಕ್ ಹೆಂಗಸು. ಅರವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವಳು.

ಹರಿ ರಾಯ, ಅಂದರೆ ರಂಜಾನ್ ಹಬ್ಬದ, ರಜೆಗೆ ಕಾಲೇಜು ಒಂಬತ್ತು ದಿನ ಮುಚ್ಚಿತ್ತು. ರಜೆಯಲ್ಲಿ ಕಟ್ಟಡದ ಎ.ಸಿ. ನಿಲ್ಲಿಸುತ್ತಾರೆ. ಮೂರನೆಯ ಕೋಣೆಗೆ ಆಗ ಗಾಳಿಯ ತೇವ ಹೀರುವ ಯಂತ್ರವೊಂದೇ ಗತಿ. ಅದರ ಕೆಳಗಿನ ತೊಟ್ಟಿ ತುಂಬಿದರೆ ಯಂತ್ರ ತಾನಾಗಿಯೇ ನಿಲ್ಲುತ್ತದೆ. ಆದ್ದರಿಂದ ದಿನಕ್ಕೊಮ್ಮೆ ಯಾರಾದರೂ ಬಂದು ತೊಟ್ಟಿಯ ನೀರು ಚೆಲ್ಲಬೇಕು, ಗೋಡೆಯ ಮೀಟರು ತೋರಿಸುವ ತೇವದ ಶೇಕಡಾ ಅಂಕಿಯನ್ನು ಪುಸ್ತಕದಲ್ಲಿ ಬರೆಯಬೇಕು. ತಾನೇ ದಾಖಲಿಸಿಕೊಳ್ಳುವ ಉಪಕರಣದ ಬ್ಯಾಟರಿ ಜನವರಿಯಲ್ಲಿ ಸತ್ತಿತ್ತು. ಹೊಸದಕ್ಕೆ ಅವಳು ಎರಡು ಸಲ ಬರೆದು ಕೇಳಿದ್ದಳು. ನಾನೇ ಬರುತ್ತೇನೆ ಎಂದು ಒಪ್ಪಿಕೊಂಡವಳೂ ಅವಳೇ. ಎರಡು ದಿನ ಪುಚೊಂಗ್‌ನಿಂದ ಬಂದು ಹೋದಳು. ಮೂರನೆಯ ದಿನ ಹಬ್ಬ. ಗಂಡ ಯೂನುಸ್‌ನ ಪೆಟಾಲಿಂಗ್ ಜಯಾದ ಫ್ಯಾಕ್ಟರಿಯಿಂದ ಎಂಟು ಜನ ಊಟಕ್ಕೆ ಬಂದಿದ್ದರು. ಯಾರದೋ ಹೆಂಡತಿ ನೀವೇನು ಕೆಲಸ ಮಾಡ್ತೀರಿ ಎಂದು ಕೇಳಿದ್ದಕ್ಕೆ ಝೀನತ್ ಬಿರಿಯಾನಿಯ ಸೌಟು ಹಿಡಿದುಕೊಂಡೇ, "ಗ್ಯಾಲರಿ ಕ್ಯುರೇಟರ್" ಅಂದಳು. "ಕ್ಯುರೇಟರ್ರಂತೆ!" ಅಂದ ಯೂನುಸ್. "ದಿನಾ ಹೋಗಿ ಬಕೆಟ್ ನೀರು ಚೆಲ್ಲಿ ಬರ್ತಾಳ್ರೀ. ಆ ಕೆಲಸಕ್ಕೆ ನಮ್ಮ ಫ್ಯಾಕ್ಟರೀಲಿ ಬೇರೆ ಹೆಸರಿದೆ." ಎಲ್ಲರೂ ನಕ್ಕರು. ಅವಳೂ ನಕ್ಕಳು. ಯೂನುಸ್ ಕೆಟ್ಟ ಮನುಷ್ಯನಲ್ಲ. ಆ ಮಾತು ಅವನಿಗೆ ಸಂಜೆಯ ಹೊತ್ತಿಗೆ ಮರೆತೂ ಹೋಗಿತ್ತು. ಅವಳು ಆ ದಿನ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಬೇಡ ಎಂದವರು ಯಾರೂ ಇರಲಿಲ್ಲ, ಕಾರಿನ ಕೀ ಬಾಗಿಲ ಪಕ್ಕದ ಮೊಳೆಯಲ್ಲೇ ಇತ್ತು. ನಿನ್ನೆ ಹೋಗಲಿಲ್ಲ ಎಂಬುದೇ ಇವತ್ತು ಹೋಗದಿರುವುದಕ್ಕೆ ಕಾರಣವಾಗುತ್ತಾ ಹೋಯಿತು. ಒಂಬತ್ತನೆಯ ದಿನ ಸಂಜೆ ಆರಕ್ಕೆ ಬಂದು ಕದ ತೆಗೆದರೆ ಒದ್ದೆ ಗೋಣಿಯ ವಾಸನೆ. ತೊಟ್ಟಿ ಅಂಚಿನವರೆಗೆ ತುಂಬಿತ್ತು, ಯಂತ್ರ ನಿಂತಿತ್ತು, ಮೀಟರಿನಲ್ಲಿ ಎಂಬತ್ತೊಂದು. ಐವತ್ತೈದು ದಾಟಬಾರದ ಕೋಣೆ. ನೀರು ಚೆಲ್ಲಿ, ಯಂತ್ರ ಹಾಕಿ, ಕೂತು ಪುಸ್ತಕದಲ್ಲಿ ಏಳು ದಿನದ ಸಾಲು ತುಂಬಿದಳು: ಐವತ್ತನಾಲ್ಕು, ಐವತ್ತೈದು, ಐವತ್ತಮೂರು. ನಾಲ್ಕು ಸಾಲು ನೀಲಿ ಪೆನ್ನಿನಲ್ಲಿ ಬರೆದ ಮೇಲೆ ಚೀಲದಿಂದ ಕಪ್ಪು ಪೆನ್ನು ತೆಗೆದು ಉಳಿದ ಮೂರನ್ನು ಬರೆದಳು. ಅಂಕಿ ಬರೆದದ್ದನ್ನು ಗಾಬರಿ ಎನ್ನಬಹುದು. ಪೆನ್ನು ಬದಲಿಸಿದ್ದನ್ನು ಏನೆನ್ನುವುದು? ಎದುರಿಗೆ ಬಿದ್ದ ಕೆಂಪು ಮುಳ್ಳನ್ನು ಚಿಮಟದಲ್ಲಿ ಎತ್ತುವಾಗಲೂ ಅವಳಿಗೆ ಕಂಡದ್ದು ಚೀಲದೊಳಗೆ ತಡಕುತ್ತಿದ್ದ ತನ್ನ ಕೈ.

ರಜೆಯ ಆ ಕೊನೆಯ ರಾತ್ರಿ ಒಂಬತ್ತಕ್ಕೆ ಎ.ಸಿ. ಮತ್ತೆ ಚಾಲೂ ಮಾಡಲು ಕೋಣೆಗೆ ಹೋದವನು ಗೋಪಿನಾಥ; ಗುತ್ತಿಗೆ ಕಂಪನಿಯೊಂದು ಕಾಲೇಜಿಗೆ ಕಳಿಸಿದ್ದ ಟೆಕ್ನಿಷಿಯನ್. ಕಾವಲುಗಾರರ ಪುಸ್ತಕದಲ್ಲಿ ಅವನ ಸಹಿ ಇತ್ತು. ಮರುದಿನ ಬೆಳಿಗ್ಗೆ ಎಂಟಕ್ಕೆ ಮೀಟರು ಎಪ್ಪತ್ತನಾಲ್ಕು ತೋರಿಸುತ್ತಿತ್ತು, ಐದು ಮುಳ್ಳು ಉದುರಿದ್ದವು. ಝೀನತ್‌ಳ ಪುಸ್ತಕದಲ್ಲಿ ಸಂಜೆ ಆರಕ್ಕೆ ಐವತ್ತೈದು. ಹಾಗಾದರೆ ನಡುವೆ ಏನಾಯಿತು? ಗೋಪಿನಾಥ ಕದ ತೆರೆದಿಟ್ಟು ಹೋದ. ಹೀಗೆಂದು ತೀರ್ಮಾನ ಮಾಡಲು ಆಡಳಿತಾಧಿಕಾರಿ ತ್ರಿವಿಕ್ರಮನಿಗೆ ಹತ್ತು ನಿಮಿಷ ಸಾಕಾಯಿತು. ವಾರದೊಳಗೆ ಗುತ್ತಿಗೆ ಕಂಪನಿ ಗೋಪಿನಾಥನನ್ನು ಹಿಂದಕ್ಕೆ ಕರೆಸಿಕೊಂಡು ಕೆಲಸದಿಂದ ತೆಗೆದುಹಾಕಿತು. ಅವನು ಹುಟ್ಟಿದ್ದು ಇಲ್ಲೇ, ಕ್ಲಾಂಗ್‌ನಲ್ಲಿ. ಅಜ್ಜಿ ಕೊಳ್ಳೇಗಾಲದ ಕಡೆಯವಳು. ಝೀನತ್ ಒಮ್ಮೆ ಫೋನಿನಲ್ಲಿ ಅರಸೀಕೆರೆಯ ತಂಗಿಯ ಹತ್ತಿರ ಮಾತಾಡುವುದನ್ನು ಕೇಳಿಸಿಕೊಂಡು ಏಣಿಯ ಮೇಲಿಂದಲೇ "ಅಕ್ಕಾ, ನೀವು ಕನ್ನಡವಾ!" ಎಂದು ಕೂಗಿದ್ದ. ಅಂದಿನಿಂದ ದಿನಾ ಮಧ್ಯಾಹ್ನ ಬಾಗಿಲಿಗೆ ಬಂದು, "ಅಕ್ಕಾ, ಮಾಕನ್ ಆಯ್ತಾ?" ಊಟ ಆಗದಿದ್ದರೆ ತಾನೇ ಹೋಗಿ ತಪಾವ್ ಪೊಟ್ಟಣ ಕಟ್ಟಿಸಿಕೊಂಡು ಬರುವನು. ಕೊನೆಯ ದಿನ ಇದೇ ಬಾಗಿಲಲ್ಲಿ ನಿಂತಿದ್ದ, ಒಳಗೆ ಬರಲಿಲ್ಲ. "ಅಕ್ಕಾ, ನಾನು ಕದ ಮುಚ್ಚಿದ್ದೆ. ಲಾಕ್ ಹಾಕಿ ಎಳೆದೂ ನೋಡ್ದೆ. ಸಾರ್ ಹತ್ರ ನೀವು ಒಂದ್ ಮಾತು ಹೇಳಿ ಲಾ. ನಿಮ್ ಮಾತು ಅವ್ರು ಕೇಳ್ತಾರೆ." ಅವಳು "ನೋಡ್ತೀನಿ" ಅಂದಳು. ಅವನು ಅದನ್ನು ಮಾತು ಕೊಟ್ಟಂತೆಯೇ ತಿಳಿದು ಕೈ ಮುಗಿದ. ಮೂವತ್ತೆಂಟು ವರ್ಷದ, ಎರಡು ಮಕ್ಕಳ ತಂದೆ, ತನಗೆ ಕೈ ಮುಗಿದ.

ಒಂಬತ್ತೂವರೆಗೆ ತ್ರಿವಿಕ್ರಮ ಬಂದ. ಮೈಸೂರಿನವನು, ಕಾಲೇಜಿನ ಐ.ಟಿ. ವಿಭಾಗಕ್ಕೆಂದು ಬಂದವನ ಕೈಗೆ ಗ್ಯಾಲರಿಯೂ ಸೇರಿತ್ತು.

"ಏನ್ ಮೇಡಂ, ನಕ್ಷತ್ರ ಇನ್ನೂ ಉದುರ್ತಾ ಇದ್ಯಾ?"

"ಎರಡು ಹೋಗಿದೆ ಸರ್."

"ಆ ಸೈಡ್ ಗೋಡೆ ಕಡೆ ತಿರುಗಿಸಿ ಇಡಿ. ಫೋಟೋ ಈ ಕಡೆಯಿಂದ ತೆಗೆಸ್ತೀನಿ." ಬಾಗಿ ನೋಡಿ, ಮೂಗು ಮುರಿದ. "ಕೇಳಿದ್ರೆ ನಾನೇ ಹೇಳ್ತೀನಿ, ಟೆಕ್ನಿಷಿಯನ್ ನೆಗ್ಲಿಜೆನ್ಸು, ಆಕ್ಷನ್ ತಗೊಂಡಿದೀವಿ ಅಂತ. ನೀವು ಸುಮ್ನೆ ನಿಂತ್ಕೊಳ್ಳಿ. ನಿಮ್ಮ ಮುಖ ನೋಡಿದ್ರೆ ನೀವೇ ಕದ್ದಿರೋ ಥರ ಇದೆ."

ಅವನು ತಮಾಷೆಗೆ ಹೇಳಿದ್ದು. ಝೀನತ್ ಪೆಟ್ಟಿಗೆಯನ್ನು ಗೋಡೆಯ ಕಡೆಗೆ ತಿರುಗಿಸಿದಳು.

ಡೆಲ್ಫಿನ್ ಹತ್ತು ಮೂವತ್ತೈದಕ್ಕೆ ಬಂದಳು. ಗಿಡ್ಡ ಹೆಂಗಸು, ಗಂಡಸರ ಅಂಗಿ, ಕಾಲಿಗೆ ಬೂಟು. ಟ್ರೈನಿನಲ್ಲಿ ಎ.ಸಿ. ಚಳಿ, ಹೊರಗೆ ಸ್ನಾನದಮನೆ ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು. ಝೀನತ್ ಕೊಟ್ಟ ಕೈಗವಸು ಬೇಡವೆಂದು ಕೈ ತೊಳೆದು ಬಂದು ಕೂತು, ಮೊದಲು ಮಾಡಿದ ಕೆಲಸವೇ ಪೆಟ್ಟಿಗೆಯನ್ನು ಸುತ್ತ ತಿರುಗಿಸಿದ್ದು. ಖಾಲಿ ಜಾಗ ಎದುರಿಗೆ ಬಂತು. ಹೆಬ್ಬೆರಳನ್ನು ನಕ್ಷತ್ರದ ಮೇಲೆ ನಿಧಾನವಾಗಿ ಎಳೆದಳು; ಜ್ವರದ ಮಗುವಿನ ಹಣೆ ಮುಟ್ಟುವವರು ಹಾಗೆ ಎಳೆಯುತ್ತಾರೆ. ಬೆರಳು ನಿಂತ ಜಾಗಗಳನ್ನೆಲ್ಲ ಝೀನತ್ ಎಣಿಸಿದಳು. ಹನ್ನೊಂದು ಕಡೆ ನಿಂತಿತು.

"ಅಂಟು," ಅಂದಳು ಡೆಲ್ಫಿನ್. "ಯಾರು ಹಚ್ಚಿದ್ದು?"

"ನಾನು."

"ನಾನೂ ಹಚ್ಚಿದ್ದೆ, ಹತ್ತು ವರ್ಷದವಳಿದ್ದಾಗ. ನಮ್ಮಜ್ಜಿ ಎರಡು ದಿನ ಮಾತು ಬಿಟ್ಟಿದ್ದಳು." ನಕ್ಕಳು. "ಪರವಾಗಿಲ್ಲ, ಬಿಡಿಸಬಹುದು. ಉದುರಲಿ ಅಂತ ಬಿಡದೆ ಏನಾದರೂ ಮಾಡಿದಿರಲ್ಲ. ಥ್ಯಾಂಕ್ಸ್."

ಬೈದಿದ್ದರೆ ಝೀನತ್‌ಳ ಹತ್ತಿರ ಉತ್ತರ ಇತ್ತು. ಬೈಗುಳಕ್ಕೆಂದೇ ಮೂರು ದಿನದಿಂದ ತಯಾರಿ ನಡೆಸಿದ್ದಳು: ಉಷ್ಣವಲಯದ ಹವೆ, ಬಾರದ ಬ್ಯಾಟರಿ, ತಾನು ಓದಿದ್ದು ಲೈಬ್ರರಿ ಸೈನ್ಸ್ ಮಾತ್ರ ಎಂಬುದು. ಥ್ಯಾಂಕ್ಸ್‌ಗೆ ಏನೂ ತಯಾರಿರಲಿಲ್ಲ. ತ್ರಿವಿಕ್ರಮ ಮುಂದೆ ಬಂದು, ಒಬ್ಬ ಟೆಕ್ನಿಷಿಯನ್ ಒಂದು ರಾತ್ರಿ ಕದ ತೆರೆದಿಟ್ಟ ಕಥೆಯನ್ನು ಹೇಳಿ, ಆ ಮನುಷ್ಯ ಈಗ ಕೆಲಸದಲ್ಲಿಲ್ಲ ಎಂದು ಮುಗಿಸಿದ. ಡೆಲ್ಫಿನ್ ತಲೆಯೆತ್ತಿದಳು. "ಮುಳ್ಳು ಉದುರಿದ್ದಕ್ಕೆ ಕೆಲಸ ಹೋಯಿತೇ?" ಆಮೇಲೆ, ಒಳಪದರ ಬಿಡಿಸಲೇ ಎಂದು ಕೇಳಿದಳು. ಝೀನತ್ ಬೇಡ ಎನ್ನುವಷ್ಟರಲ್ಲಿ ತ್ರಿವಿಕ್ರಮ "ಪ್ಲೀಸ್, ಪ್ಲೀಸ್" ಎಂದಾಗಿತ್ತು. ಮೂಳೆಯ ತೆಳು ಅಲಗೊಂದನ್ನು ಅಂಚಿಗೆ ತೂರಿಸಿ ಡೆಲ್ಫಿನ್ ಮೆಲ್ಲಗೆ ಎಬ್ಬಿಸಿದಳು. ಪದರ ಸದ್ದಿಲ್ಲದೆ ಕೈಗೆ ಬಂತು. ಒಳಗೆ ಮಡಚಿದ ಮುಳ್ಳಿನ ತುದಿಗಳು ಬಾಚಿದ ಕೂದಲಿನಂತೆ ಒಂದರ ಪಕ್ಕ ಒಂದು. ಅವುಗಳ ನಡುವೆ, ಅಂಚಿನುದ್ದಕ್ಕೂ, ಬೂದು ಬಣ್ಣದ ಒಣ ಬೂಷ್ಟು. ಮೇಲಿನದನ್ನು ಝೀನತ್ ಅಂದೇ ಒರೆಸಿದ್ದಳು. ಒಳಗೂ ಇರಬಹುದೆಂದು ಅವಳಿಗೆ ಹೊಳೆದಿರಲಿಲ್ಲ.

"ಇದು ಒಂದು ರಾತ್ರಿಯದಲ್ಲ," ಅಂದಳು ಡೆಲ್ಫಿನ್, ಮೊಬೈಲಿನ ಬೆಳಕು ಬಿಟ್ಟು. "ಒಂದು ವಾರವಾದರೂ ತೇವದಲ್ಲಿ ಕೂತಿದೆ."

"ನಮ್ಮ ಲಾಗ್ ಬುಕ್ ಪ್ರಕಾರ..." ಎಂದು ತ್ರಿವಿಕ್ರಮ ಶುರು ಮಾಡಿದ.

"ಪುಸ್ತಕದಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಬೂಷ್ಟು ಪುಸ್ತಕ ಓದುವುದಿಲ್ಲ."

"ಮಲೇಷ್ಯಾ ಲಾ," ಎಂದು ತ್ರಿವಿಕ್ರಮ ಇಲ್ಲಿನವರ ಹಾಗೆ ಮಾತಿನ ಕೊನೆಗೆ ಲಾ ಸೇರಿಸಿ ನಕ್ಕುಬಿಟ್ಟ. "ಇಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತೆ." ಅಷ್ಟೊತ್ತಿಗೆ ಕ್ಯಾಂಟೀನಿನಿಂದ ಮೂರು ಲೋಟ ಚಹಾ ಬಂತು. ಯಾರೂ ಝೀನತ್‌ಳ ಕಡೆ ನೋಡಲಿಲ್ಲ. ಈಗ ಹೇಳಬಹುದಿತ್ತು. ಆರು ದಿನ ನಾನು ಬರಲಿಲ್ಲ, ಅಂಕಿಗಳನ್ನು ನಾನು ಕಟ್ಟಿ ಬರೆದೆ, ಗೋಪಿನಾಥ ಕದ ಮುಚ್ಚಿದ್ದ. ಮೂರು ಸಣ್ಣ ವಾಕ್ಯ. ಅವನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿ ಸಾಲಾಗಿ ನಿಲ್ಲಿಸಿಕೊಂಡಳು ಕೂಡ. ಡೆಲ್ಫಿನ್ ಅಂಗಿಯ ಜೇಬಿನಿಂದ ಒಂದು ತಗಡಿನ ಡಬ್ಬಿ ತೆಗೆದಳು. ಅವಳು ಊರಿನಿಂದ ತಂದ, ಕುದಿಸಿ ತೊಳೆದ ಹೊಸ ಮುಳ್ಳುಗಳು. ಎರಡು ಖಾಲಿ ಜಾಗಕ್ಕೆ ಎರಡು ಮುಳ್ಳು ಹಾಕುವುದನ್ನು ತೋರಿಸುತ್ತೇನೆ, ಒಂದು ನಾನು, ಒಂದು ನೀವು ಅಂದಳು. ತನ್ನದನ್ನು ಬಾಯಿಗಿಟ್ಟು, ತುಟಿಯ ಮೂಲೆಯಲ್ಲಿ ಹಿಡಿದು ಮೆತ್ತಗಾಗಲು ಬಿಟ್ಟು, ಇನ್ನೊಂದನ್ನು ಝೀನತ್‌ಳ ಕಡೆ ಚಾಚಿದಳು. ಅರಸೀಕೆರೆಯ ಮನೆಯಲ್ಲಿ ಆ ಪ್ರಾಣಿ ತಿನ್ನುವಂಥದ್ದಲ್ಲ. ಇಲ್ಲಿನ ಮಲಾಯ್ ಸಹೋದ್ಯೋಗಿಗಳು ಪಾಲಿಸುವ ಶಾಸ್ತ್ರಪಂಥದಲ್ಲಿ, ಅವರ ಮಝ್ಹಬ್‌ನಲ್ಲಿ ಅದಕ್ಕೆ ಅಡ್ಡಿಯಿಲ್ಲವೆಂದು ಕೇಳಿದ್ದಳು, ಆದರೆ ಶಾಲೆಯಲ್ಲಿ ಕಲಿತ ಅದರ ಕನ್ನಡದ ಹೆಸರಿನೊಳಗಿನ ಹಂದಿಯೇ ಅವಳ ನಾಲಿಗೆಗೆ ಅಡ್ಡ ಬರುತ್ತಿತ್ತು. ನೀರಿನಲ್ಲಿ ನೆನೆಸಲೇ ಎಂದು ಕೇಳಿದ್ದರೆ ಆಗುತ್ತಿತ್ತು. ಬಟ್ಟಲಿನಲ್ಲಿ ಬಿಸಿನೀರು ಎದುರಿಗೇ ಇತ್ತು.

"ಸಾರಿ," ಅಂದಳು ಝೀನತ್. "ಇವತ್ತು ನಾನು ಉಪವಾಸ."

ಹಬ್ಬದ ನಂತರದ ತಿಂಗಳಲ್ಲಿ ಆರು ಉಪವಾಸ ಹಿಡಿಯುವವರಿದ್ದಾರೆ. ಮಾತು ನಂಬುವಂತೆಯೇ ಇತ್ತು. ಡೆಲ್ಫಿನ್ ಕೂಡಲೇ ಬಾಯಿಂದ ಮುಳ್ಳು ತೆಗೆದಳು. ಗೊತ್ತಿರಲಿಲ್ಲ, ಕ್ಷಮಿಸಿ ಎಂದು ಎರಡು ಸಲ ಹೇಳಿ, ತನ್ನ ಚಹಾದ ಲೋಟವನ್ನು ಎತ್ತಿ ಹಿಂದಿನ ಕಪಾಟಿನ ಮೇಲೆ, ಝೀನತ್‌ಳ ಕಣ್ಣಿಗೆ ಬೀಳದ ಕಡೆ, ಇಟ್ಟು ಬಂದಳು. ಎಪ್ಪತ್ತು ದಾಟಿದವಳು, ಟ್ರೈನಿನಲ್ಲಿ ಬಂದು ಬಾಯಾರಿದವಳು.

ತ್ರಿವಿಕ್ರಮ ಕಿಟಕಿಯ ಕಡೆ ನೋಡುತ್ತಾ, ಹವೆಯ ವಿಷಯ ಮಾತಾಡುವವನ ದನಿಯಲ್ಲಿ, ಕನ್ನಡದಲ್ಲಿ ಹೇಳಿದ: "ಬೆಳಿಗ್ಗೆ ಮಾಮಕ್‌ನಲ್ಲಿ ರೋಟಿ ಚನಾಯ್ ಹೊಡೀತಿದ್ದವರು ಯಾರು ಮೇಡಂ? ನಿಮ್ಮ ತಂಗಿ ಬಂದಿದಾರಾ ಊರಿಂದ?"

ಡೆಲ್ಫಿನ್ ಅರ್ಥವಾಗದ ಭಾಷೆಗೆ ಮರ್ಯಾದೆ ಕೊಡುವವರಂತೆ ಮುಗುಳ್ನಗುತ್ತಾ ಕೂತಿದ್ದಳು.

"ನಾನು ಹಿಂದಿನ ಟೇಬಲ್‌ನಲ್ಲೇ ಇದ್ದೆ. ಎರಡು ತಿಂದ್ರಿ." ಅವನು ನಗುವುದನ್ನು ನಿಲ್ಲಿಸಿದ. ಏನೋ ಹೊಳೆದವನ ಹಾಗೆ ಬೂಷ್ಟನ್ನೂ ಅವಳನ್ನೂ ನೋಡಿದ. "ಒಂದ್ನಿಮಿಷ. ಆ ಲಾಗ್ ಬುಕ್ಕೂ ಇದೇ ಥರಾನಾ?"

ಅವಳು ಪೆಟ್ಟಿಗೆಯ ಕೆಳಗಿನ ಬಟ್ಟೆಯ ಮಡಿಕೆ ಸರಿಪಡಿಸಿದಳು.

"ಸರಿ, ಬೇಡ. ಹೇಳ್ಬೇಡಿ. ನಂಗೆ ಗೊತ್ತಾಗೋದೇ ಬೇಡ. ಗೋಪಿ ಹೋಗಾಯ್ತು, ಫೈಲು ಕ್ಲೋಸು. ಈಗ ತೆಗೆದ್ರೆ ನನ್ನ ಸಹೀನೂ ಬರುತ್ತೆ." ಮತ್ತೆ ಇಂಗ್ಲಿಷಿಗೆ ತಿರುಗಿ ಡೆಲ್ಫಿನ್‌ಗೆ, ನಮ್ಮ ಝೀನತ್ ಬಹಳ ಶ್ರದ್ಧೆಯವರು ಅಂದ.

ಝೀನತ್ ಬಾಯಿ ತೆರೆದಳು. ಮೂರು ವಾಕ್ಯ ನಿಲ್ಲಿಸಿದ ಜಾಗದಲ್ಲೇ ಇದ್ದವು. ಹೊರಗೆ ಬಂದದ್ದು ಬೇರೆ. "ನಾನು ಉಪವಾಸ ಇಲ್ಲ. ಸುಳ್ಳು ಹೇಳಿದೆ." ತಪ್ಪೊಪ್ಪಿಕೊಂಡ ಹಾಗೆ ಗಂಟಲು ಹಗುರವಾಯಿತು. ಅಷ್ಟು ಸಣ್ಣದಕ್ಕೆ ಅಷ್ಟು ಹಗುರ ಆದದ್ದೇ ಅವಳಿಗೆ ಅಸಹ್ಯವಾಯಿತು. ಡೆಲ್ಫಿನ್ ಅವಳನ್ನು ಒಂದು ಕ್ಷಣ ನೋಡಿದಳು. "ಹಾಗಾದರೆ ಚಹಾ ಕುಡಿಯಿರಿ, ಆರುತ್ತಿದೆ," ಎಂದು ಎದ್ದು ಹೋಗಿ ತನ್ನ ಲೋಟವನ್ನು ವಾಪಸು ತಂದಳು. ಯಾಕೆ ಎಂದು ಕೇಳಲಿಲ್ಲ. ಅವಳಿಗೆಂದು ಚಾಚಿದ್ದ ಮುಳ್ಳು ಬಟ್ಟೆಯ ಮೇಲಿತ್ತು. ಝೀನತ್ ಅದನ್ನು ತೆಗೆದು ತಾನೇ ಬಾಯಿಗಿಟ್ಟಳು. ರುಚಿ ಇರಲಿಲ್ಲ, ಕೊಂಚ ಸೋಪಿನ ವಾಸನೆ. ಹಲ್ಲಿಗೆ ತಾಗದಂತೆ ತುಟಿ ಬಿಗಿಹಿಡಿಯಬೇಕಿತ್ತು. ಮುಳ್ಳು ಬಾಯಲ್ಲಿ ಇರುವಷ್ಟು ಹೊತ್ತು ಮಾತಾಡಲಾಗುವುದಿಲ್ಲ, ಮಾತಾಡೆಂದು ಯಾರೂ ಕೇಳುವುದೂ ಇಲ್ಲ. ಆ ನಾಲ್ಕೈದು ನಿಮಿಷ ಅವಳು ಸುಖವಾಗಿದ್ದಳು. ಡೆಲ್ಫಿನ್ ತನ್ನ ಮುಳ್ಳನ್ನು ಕೂರಿಸಿ ತೋರಿಸಿ, ಇನ್ನೊಂದರ ತೂತಿನ ಸುತ್ತ ಬೆರಳಲ್ಲಿ ನೀರು ಸವರಿ, ದಬ್ಬಳದ ಮೊನೆಯಿಂದ ಹಿಗ್ಗಿಸಿ, ಈಗ ಎಂದಳು. ಮುಳ್ಳು ಒಳಹೋಯಿತು. ಮಡಚುವಾಗ ಝೀನತ್‌ಳ ಅವಸರಕ್ಕೆ ಅದು ಓರೆಯಾಗಿ ಕೂತಿತು. ತೆಗೆಯಲೇ ಎಂದರೆ, ಬೇಡ, ಯಾರು ಹಾಕಿದ್ದೆಂದು ಮುಂದಿನವರಿಗೆ ಗೊತ್ತಾಗಲಿ ಎಂದಳು ಡೆಲ್ಫಿನ್. ಹೊರಡುವಾಗ ಬಾಗಿಲಲ್ಲಿ ನಿಂತು ತ್ರಿವಿಕ್ರಮನಿಗಲ್ಲ, ಅವಳಿಗೆ ಹೇಳಿದಳು: "ಆ ಕೆಲಸ ಹೋದವನಿಗೆ ತಿಳಿಸಿ. ಒಂದು ರಾತ್ರಿಯಲ್ಲಿ ಇದು ಆಗುವುದಿಲ್ಲ."

ಎರಡು ಗಂಟೆಗೆ ಝೀನತ್ ಕಾರು ನಿಲ್ಲಿಸುವ ಕಡೆ ಹೋಗಿ ಗೋಪಿನಾಥನಿಗೆ ಫೋನು ಮಾಡಿದಳು.

"ಅಕ್ಕಾ! ಎಷ್ಟು ದಿನ ಆಯ್ತು! ಮಾಕನ್ ಆಯ್ತಾ?" ಪೆಟಾಲಿಂಗ್ ಜಯಾದ ಒಂದು ಕಾಂಡೋ ಅಪಾರ್ಟ್ಮೆಂಟಿನಲ್ಲಿ ದಿನಗೂಲಿ ಕೆಲಸ ಸಿಕ್ಕಿದೆ, ಲಿಫ್ಟಿನ ಪಕ್ಕ ನಿಂತಿದ್ದೇನೆ, ಸದ್ದು ಜಾಸ್ತಿ ಅಂದ. ಅವಳು ಹೇಳಿದಳು. ಕನ್ನಡದಲ್ಲಿ ಅದು ಮೂರು ವಾಕ್ಯದಲ್ಲಿ ಮುಗಿಯಲಿಲ್ಲ. ಹಬ್ಬ, ಅತಿಥಿಗಳು, ಯೂನುಸ್‌ನ ಮಾತು, ಎರಡು ಬಣ್ಣದ ಪೆನ್ನು, ಎಲ್ಲ ಬಂತು. ಹೇಳುತ್ತಿರುವಾಗಲೇ ತಾನು ತನ್ನ ಪರವಾಗಿ ವಾದ ಮಾಡುತ್ತಿದ್ದೇನೆಂದು ಗೊತ್ತಾಗಿ ನಿಲ್ಲಿಸಿದಳು. ಆ ಕಡೆ ಲಿಫ್ಟಿನ ಗಂಟೆ ಎರಡು ಸಲ ಬಡಿಯಿತು.

"ಪೆನ್ನು ಬೇರೆ ಬೇರೆ ಅಂದ್ರಲ್ಲ," ಅಂದ ಗೋಪಿನಾಥ. "ಸಾರ್ ನಂಗೆ ಆ ಪುಸ್ತಕ ತೋರಿಸಿದ್ರು. ನಾನು ಅಂದ್ಕೊಂಡೆ, ಅಕ್ಕ ದಿನಾ ಬಂದಿದಾರೆ, ಹಾಗಾದ್ರೆ ನಾನೇ ಕದ ಸರಿ ಹಾಕ್ಲಿಲ್ವೇನೋ ಅಂತ. ಹೆಂಡ್ತಿ ಹತ್ರಾನೂ ಹಂಗೇ ಹೇಳ್ದೆ."

"ಗೋಪಿ, ನಾನು..."

"ಲೆಟರ್ ಬರೆದು ಕೊಡ್ತೀರಾ, ಸಾರ್ಗೆ?"

"ಕೊಡ್ತೀನಿ. ಇವತ್ತೇ."

"ಕೊಟ್ಟ ಮೇಲೆ ಫೋನ್ ಮಾಡಿ ಮೇಡಂ," ಅಂದು ಅವನು ಇಟ್ಟ.

ಪತ್ರ ಬರೆಯಲು ಎರಡೂವರೆಯಿಂದ ನಾಲ್ಕೂವರೆಯವರೆಗೆ ಹಿಡಿಯಿತು. ಮೊದಲು ಬರೆದದ್ದರಲ್ಲಿ ಸುಳ್ಳು ಎಂಬ ಪದ ಇತ್ತು, ನಾನು ಎಂಬ ಪದ ನಾಲ್ಕು ಸಲ ಇತ್ತು. ಓದಿ ನೋಡಿದಳು. ಪುಚೊಂಗ್‌ನ ಮನೆಯ ಬಾಡಿಗೆ, ಯೂನುಸ್‌ನ ಮುಖ, ಹಬ್ಬಕ್ಕೆ ಬಂದಿದ್ದ ಎಂಟು ಜನ, ಎಲ್ಲ ಆ ಹಾಳೆಯ ಸುತ್ತ ಬಂದು ನಿಂತಂತಾಯಿತು. ಹಾಳೆ ಹರಿದು ಇನ್ನೊಂದು ಬರೆದಳು. ಅದರ ಪ್ರಕಾರ ರಜೆಯ ಅವಧಿಯ ಕೆಲವು ಅಂಕಿಗಳನ್ನು ಅಂದಾಜಿನ ಮೇಲೆ ದಾಖಲಿಸಲಾಗಿತ್ತು. ತೇವ ಏರಿದ್ದಕ್ಕೆ ಟೆಕ್ನಿಷಿಯನ್ ಒಬ್ಬನೇ ಕಾರಣ ಎಂದು ಖಚಿತವಾಗಿ ಹೇಳಲಾಗದು. ದಾಖಲಿಸಿದವರು ಯಾರೆಂದು ಆ ವಾಕ್ಯದಲ್ಲಿ ಇರಲಿಲ್ಲ. ಸಹಿ ಮಾಡುವಾಗ ಅವಳಿಗೆ ಅದು ಗೊತ್ತಿತ್ತು. ತ್ರಿವಿಕ್ರಮ ನಿಂತಲ್ಲೇ ಓದಿದ. ಒಮ್ಮೆ ಹುಬ್ಬೇರಿಸಿದ, ಮತ್ತೆ ಇಳಿಸಿದ. "ಚೆನ್ನಾಗಿ ಬರೀತೀರಾ ಮೇಡಂ," ಅಂದ. ಪ್ರತಿಯ ಮೇಲೆ ಸ್ವೀಕರಿಸಿದೆ ಎಂದು ಬರೆದು, ನಾಲ್ಕು ಐವತ್ತು ಎಂದು ಸಮಯ ಹಾಕಿ ಕೊಟ್ಟ.

ಪತ್ರ ಫೈಲಿಗೆ ಸೇರಿತು. ಗುತ್ತಿಗೆ ಕಂಪನಿಗೆ ಅದರ ಪ್ರತಿ ಹೋಗಲಿಲ್ಲ. ಝೀನತ್ ಆ ದಿನ ಗೋಪಿನಾಥನಿಗೆ ಫೋನು ಮಾಡಲಿಲ್ಲ, ಮರುದಿನವೂ ಮಾಡಲಿಲ್ಲ.